ಲೋಗೋದ ಖಾಲಿ ಜಾಗ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

"ಲೋಗೋ ಯಾಕೋ ಸರಿ ಕಾಣ್ತಿಲ್ಲ" ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಡಿಸೈನರ್ ಕೈ ಸೀದಾ ಪೆನ್ ಟೂಲ್‌ಗೆ ಹೋಗುತ್ತದೆ. ನನ್ನದೂ ಹೋಗುತ್ತಿತ್ತು. ಎಷ್ಟೋ ಲೋಗೋಗಳನ್ನು ಸುಮ್ನೆ ತಿದ್ದಿ ಕೆಡಿಸಿದ ಮೇಲೆ ಗೊತ್ತಾಯಿತು, ತೊಂದರೆ ಬಹಳ ಸಲ ಚಿತ್ರದಲ್ಲಿ ಇರುವುದೇ ಇಲ್ಲ. ಲೋಗೋ ಕೂತ ಜಾಗದಲ್ಲಿ ಇರುತ್ತದೆ, ಇಲ್ಲವೇ ಫೈಲ್‌ನಲ್ಲಿ ಇರುತ್ತದೆ. ಚಿತ್ರ ತಿದ್ದುವುದನ್ನು ಕೊನೆಗೆ ಇಟ್ಟುಕೊಳ್ಳಿ.

ಹುಡುಕಾಟಕ್ಕೆ ಮೊದಲು ಒಂದು ಕೆಲಸ. ಲೋಗೋದಲ್ಲಿ ಬಿಳಿಯಾಗಿ ಕಾಣುವ ಒಂದೊಂದು ಜಾಗದ ಮೇಲೂ ಬೆರಳಿಟ್ಟು ಕೇಳಿಕೊಳ್ಳಿ: ಇದು ಬಣ್ಣವೋ, ತೂತೋ, ಅಂತರವೋ? ಬಣ್ಣವಾದರೆ ಹಿಂದೆ ಏನೇ ಇದ್ದರೂ ಬಿಳಿಯಾಗಿಯೇ ಉಳಿಯಬೇಕು. ತೂತಾದರೆ ಹಿಂದಿನದು ಅದರೊಳಗಿಂದ ಕಾಣಬೇಕು. ಅಂತರವಾದರೆ ಅಲ್ಲಿಗೆ ಬೇರೇನೂ ನುಗ್ಗಬಾರದು. ಒಂದನ್ನು ಇನ್ನೊಂದು ಅಂದುಕೊಂಡಲ್ಲೇ ಹೆಚ್ಚಿನ ಎಡವಟ್ಟು ಶುರುವಾಗುತ್ತದೆ.

ವನ್ಯಜೀವಿ ಸಂರಕ್ಷಣೆಯ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಯ ಪಾಂಡಾ ನೋಡಿ. 1961ರಲ್ಲಿ ಪೀಟರ್ ಸ್ಕಾಟ್ ಬರೆದ ಚಿತ್ರದಿಂದ ಬೆಳೆದ ಗುರುತು ಅದು. ಈಗಿನ ರೂಪದಲ್ಲಿ ಅದರ ತಲೆಯ ಮೇಲ್ಭಾಗಕ್ಕೂ ಬೆನ್ನಿಗೂ ಗೆರೆಯೇ ಇಲ್ಲ. ಕಪ್ಪು ಭಾಗಗಳನ್ನು ನೋಡಿ ಉಳಿದ ಗೆರೆಯನ್ನು ಕಣ್ಣೇ ಎಳೆದುಕೊಳ್ಳುತ್ತದೆ. ಬಿಳಿ ಹಾಳೆಯ ಮೇಲೆ ಏನೂ ತಕರಾರಿಲ್ಲ. ಹಸಿರು ಹಾಳೆಯ ಮೇಲೆ ಇಡಬೇಕಾಗಿ ಬಂದರೆ? ಬಿಳಿಯನ್ನು ತೂತು ಅಂದುಕೊಂಡರೆ ಹಸಿರು ಪಾಂಡಾ ಸಿಗುತ್ತದೆ. ಬಣ್ಣ ಅಂದುಕೊಂಡರೆ ಬೆನ್ನು ಎಲ್ಲಿ ಮುಗಿಯುತ್ತದೆ ಎಂದು ನಾವೇ ಹೊಸ ಗೆರೆ ಎಳೆಯಬೇಕು. ಇಂಥದ್ದನ್ನು ಮೊದಲೇ ತೀರ್ಮಾನಿಸದೆ ಫೈಲ್ ಹಂಚಿದರೆ, ಆ ತೀರ್ಮಾನವನ್ನು ಬ್ಯಾನರ್ ಮಾಡುವವರು ಅವಸರದಲ್ಲಿ ತೆಗೆದುಕೊಳ್ಳುತ್ತಾರೆ.

ಎಚ್ಚರಿಕೆ: ಮೂಲ ಫೈಲ್ ಮೇಲೆ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಪ್ರತಿ ಮಾಡಿಕೊಂಡು ಅದರ ಮೇಲೆ ಮಾಡಿ. ಆಕಾರಗಳನ್ನು ಒಂದಕ್ಕೊಂದು ಬೆಸೆದು ಸೇವ್ ಮಾಡಿ ಮುಚ್ಚಿದರೆ ಮತ್ತೆ ಬಿಡಿಸಲು ಆಗುವುದಿಲ್ಲ. ಅಕ್ಷರಗಳನ್ನು ಔಟ್‌ಲೈನ್ ಮಾಡಿದ, ಅಂದರೆ ಬರೀ ಆಕಾರಗಳಾಗಿ ಬದಲಿಸಿದ ಮೇಲೆ ಕಾಗುಣಿತ ತಿದ್ದಲೂ ಆಗುವುದಿಲ್ಲ.

ಲಕ್ಷಣ: ಲೋಗೋ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಹಾಗೆ ಕಾಣುತ್ತದೆ

ಇದೇ ದೂರು ಕೆಲವೊಮ್ಮೆ "ಲೋಗೋ ಸ್ವಲ್ಪ ದೊಡ್ಡದು ಮಾಡಿ" ಎಂಬ ವೇಷದಲ್ಲಿ ಬರುತ್ತದೆ. ಮಾಡಬೇಡಿ. ಲೋಗೋ ಬೆಳೆದಷ್ಟೂ ಸುತ್ತಲಿನ ಜಾಗ ಕಮ್ಮಿಯಾಗುತ್ತದೆ, ಇಕ್ಕಟ್ಟು ಜಾಸ್ತಿಯಾಗುತ್ತದೆ.

ಖರ್ಚಿಲ್ಲದ ಪರೀಕ್ಷೆ: ಲೋಗೋದ ಅಕ್ಕಪಕ್ಕ ಇರುವುದನ್ನೆಲ್ಲ ಬಿಳಿ ಕಾಗದದ ಚೂರುಗಳಿಂದ ಮುಚ್ಚಿ. ಈಗ ಚೆನ್ನಾಗಿ ಕಂಡರೆ ತಪ್ಪು ನೆರೆಹೊರೆಯವರದ್ದು. ಇನ್ನೊಂದು, ನಾಲ್ಕು ಹೆಜ್ಜೆ ಹಿಂದೆ ಸರಿದು ಕಣ್ಣನ್ನು ಅರ್ಧ ಮುಚ್ಚಿ ನೋಡಿ. ಲೋಗೋ, ವಿಳಾಸ, ಫೋನ್ ನಂಬರ್ ಎಲ್ಲ ಸೇರಿ ಒಂದೇ ಮುದ್ದೆಯಾದವೇ? ಹತ್ತಿರ ಇರುವುದನ್ನೆಲ್ಲ ಕಣ್ಣು ಒಂದೇ ಗುಂಪು ಎಂದು ಓದುತ್ತದೆ. ಮನಃಶಾಸ್ತ್ರಜ್ಞ ಮ್ಯಾಕ್ಸ್ ವರ್ಥೈಮರ್ ಇದನ್ನು 1923ರಲ್ಲೇ ಬರೆದಿಟ್ಟಿದ್ದಾರೆ.

ಇಲ್ಲಿ ಅಳೆಯಬೇಕಾದ್ದು ಎರಡು ಅಂತರ. ಚಿಹ್ನೆ ಮತ್ತು ಹೆಸರಿನ ನಡುವೆ ಇರುವುದು ಒಳಗಿನ ಅಂತರ. ಹೆಸರು ಮತ್ತು ಪಕ್ಕದ ಸಾಲಿನ ನಡುವೆ ಇರುವುದು ಹೊರಗಿನದು. ಒಳಗಿನದು 10 ಮಿ.ಮೀ., ಹೊರಗಿನದೂ 10 ಮಿ.ಮೀ. ಇದ್ದರೆ ಫೋನ್ ನಂಬರ್ ಕೂಡ ಲೋಗೋದ ಭಾಗವೇ ಎಂದು ಕಣ್ಣು ಅಂದುಕೊಳ್ಳುತ್ತದೆ. ಹೊರಗಿನದನ್ನು ಎರಡು ಪಟ್ಟು ಮಾಡಿ ನೋಡಿ. ಹೊರಗೆ ಜಾಗವೇ ಇಲ್ಲದಿದ್ದರೆ ಒಳಗಿನದನ್ನು ಬಿಗಿ ಮಾಡುವುದೂ ಒಂದು ದಾರಿ.

ಈ ಜಾಗದ ನಿಯಮವನ್ನು ಮಿ.ಮೀ. ಲೆಕ್ಕದಲ್ಲಿ ಬರೆಯಬೇಡಿ. ವಿಸಿಟಿಂಗ್ ಕಾರ್ಡ್‌ಗೆ ಸರಿಯಾದ 5 ಮಿ.ಮೀ. ಬೋರ್ಡ್‌ಗೆ ಏನೇನೂ ಸಾಲದು. ಲೋಗೋದ ಒಂದು ಅಕ್ಷರದ ಎತ್ತರವನ್ನೇ ಅಳತೆಗೋಲು ಮಾಡಿಕೊಳ್ಳಿ. ಕನ್ನಡ ಅಕ್ಷರದ ಲೋಗೋ ಆದರೆ ಕೆಳಗಿನ ಜಾಗವನ್ನು ಒತ್ತಕ್ಷರದ ತುದಿಯಿಂದ ಅಳೆಯಿರಿ. ಅಕ್ಷರದ ಪಾದದಿಂದ ಅಳೆದರೆ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ತಾಗುತ್ತದೆ.

ಕ್ಯೂಆರ್ ಕೋಡ್‌ನ ಸುತ್ತ ಅದರ ಚಿಕ್ಕ ಚೌಕಗಳ ಲೆಕ್ಕದಲ್ಲಿ 4 ಚೌಕದಷ್ಟು ಜಾಗ ಖಾಲಿ ಇರಬೇಕು ಎಂಬ ನಿಯಮವಿದೆ. ಅಲ್ಲಿ ಒತ್ತುವರಿಯಾದರೆ ಸ್ಕ್ಯಾನರ್ ತಡವರಿಸುತ್ತದೆ, ತಪ್ಪು ಆಗಲೇ ಗೊತ್ತಾಗುತ್ತದೆ. ಲೋಗೋ ಹಾಗೆ ಎರರ್ ತೋರಿಸುವುದಿಲ್ಲ. ಜನ ಸುಮ್ಮನೆ ಕಣ್ಣು ಬೇರೆ ಕಡೆ ತಿರುಗಿಸುತ್ತಾರೆ, ಅಷ್ಟೇ.

ಲಕ್ಷಣ: ಎಷ್ಟು ದೊಡ್ಡದು ಮಾಡಿದರೂ ಚಿಕ್ಕದಾಗಿಯೇ ಕಾಣುತ್ತದೆ

ಇದು ಮೇಲಿನದಕ್ಕೆ ತದ್ವಿರುದ್ಧ, ಪರಿಹಾರವೂ ಸುಲಭ. ಫೈಲ್ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಸುತ್ತ ಮೂಡುವ ಚೌಕಟ್ಟು ನೋಡಿ. ಚೌಕಟ್ಟು ಲೋಗೋದಿಂದ ಬಹಳ ದೂರ ಇದ್ದರೆ, ಯಾರೋ ಖಾಲಿ ಜಾಗವನ್ನೂ ಫೈಲ್ ಒಳಗೇ ಸೇರಿಸಿ ಎಕ್ಸ್‌ಪೋರ್ಟ್ ಮಾಡಿದ್ದಾರೆ. ವೆಬ್‌ಸೈಟಿನಲ್ಲಿ 60 ಪಿಕ್ಸೆಲ್ ಎತ್ತರ ಕೊಟ್ಟರೂ ಲೋಗೋಗೆ ದಕ್ಕುವುದು 30. ಆರ್ಟ್‌ಬೋರ್ಡನ್ನು (ಫೈಲ್‌ನೊಳಗಿನ ಹಾಳೆಯನ್ನು) ಲೋಗೋದ ಅಂಚಿಗೆ ಕತ್ತರಿಸಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಎಸ್‌ವಿಜಿ ಫೈಲ್ ಆದರೆ ವ್ಯೂಬಾಕ್ಸ್, ಅಂದರೆ ಅದರ ಚೌಕಟ್ಟಿನ ಅಳತೆ, ಸರಿಪಡಿಸಿ. ಸುತ್ತಲಿನ ಜಾಗ ಬಿಡುವುದು ಪುಟದ ಕೆಲಸ, ಫೈಲ್‌ನದ್ದಲ್ಲ.

ಮೊಬೈಲ್ ಆ್ಯಪ್ ಐಕಾನ್ ಮಾತ್ರ ಇದಕ್ಕೆ ಹೊರತು. ಆಂಡ್ರಾಯ್ಡ್‌ನಲ್ಲಿ ಐಕಾನ್‌ನ ಪದರ 108 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆ) ಇದ್ದರೆ, ಯಾವ ಆಕಾರಕ್ಕೆ ಕತ್ತರಿಸಿದರೂ ಉಳಿಯುವ ಭರವಸೆ ಇರುವುದು ನಡುವಿನ 66 ಡಿಪಿಗೆ ಮಾತ್ರ. ಅಲ್ಲಿ ಅಂಚಿನವರೆಗೆ ತುಂಬಿಸಿದರೆ ಮೂಲೆಗಳು ಹಾರಿಹೋಗುತ್ತವೆ.

ಲಕ್ಷಣ: ಬಣ್ಣದ ಹಿನ್ನೆಲೆಯ ಮೇಲೆ ಇಟ್ಟರೆ ಬಿಳಿ ಡಬ್ಬ ಕಾಣುತ್ತದೆ

ಲೋಗೋದ ಹಿಂದೆ ಪೂರಾ ಬಿಳಿ ಚೌಕ ಇದ್ದರೆ ಅದು ಬಹುಪಾಲು ಜೆಪೆಗ್ ಫೈಲ್. ಜೆಪೆಗ್‌ಗೆ ಪಾರದರ್ಶಕತೆ ಎಂಬುದೇ ಗೊತ್ತಿಲ್ಲ. ಪಿಎನ್‌ಜಿ ಅಥವಾ ಎಸ್‌ವಿಜಿ ಕೇಳಿ ಪಡೆಯಿರಿ. ಜೆಪೆಗ್‌ನ ಬಿಳಿಯನ್ನು ಒಂದೇ ಬಣ್ಣದ ಜಾಗ ಆರಿಸುವ ಮ್ಯಾಜಿಕ್ ವಾಂಡ್‌ನಿಂದ ಅಳಿಸಲು ಹೋಗಬೇಡಿ, ಅಂಚಿನಲ್ಲಿ ಬೂದು ಚೂರುಗಳು ಉಳಿಯುತ್ತವೆ. ಕಪ್ಪು ಹಿನ್ನೆಲೆ ಬಂದ ದಿನ ಅವು ಲೋಗೋಗೆ ಗಡ್ಡ ಬಂದ ಹಾಗೆ ಕಾಣುತ್ತವೆ.

ಹೊರಗೆಲ್ಲ ಸರಿಯಿದ್ದು ಅಕ್ಷರದ ಹೊಟ್ಟೆಯೊಳಗೆ ಮಾತ್ರ ಬಿಳಿ ಉಳಿದಿದ್ದರೆ, ತೂತು ಕೊರೆಯುವ ಬದಲು ಬಿಳಿ ಆಕಾರವೊಂದನ್ನು ಮೇಲೆ ಅಂಟಿಸಿದ್ದಾರೆ ಎಂದರ್ಥ. ಹಿಡಿಯುವುದು ಹೇಗೆ? ಎಲ್ಲದರ ಕೆಳಗೆ ಗಾಢ ಕೆಂಪು ಬಣ್ಣದ ಆಯತ ಇಟ್ಟು ನೋಡಿ. ಕೆಂಪು ಕಂಡಲ್ಲಿ ತೂತು, ಬಿಳಿ ಉಳಿದಲ್ಲಿ ಬಣ್ಣ. ತೂತು ಬೇಕಿದ್ದರೆ ಬಿಳಿ ಆಕಾರವನ್ನು ಮುಂದಿಟ್ಟು ಇಲಸ್ಟ್ರೇಟರ್ ತಂತ್ರಾಂಶದ ಪಾತ್‌ಫೈಂಡರ್‌ನಲ್ಲಿ ಮೈನಸ್ ಫ್ರಂಟ್ ಕೊಡಿ. ಎರಡು ನಿಮಿಷದ ಕೆಲಸ. ನಾನು ಯಾವ ಲೋಗೋ ಫೈಲ್ ಬಂದರೂ ಮೊದಲು ಕೆಂಪು ಆಯತವನ್ನೇ ಇಡುತ್ತೇನೆ.

ಆಕಾರ ಮತ್ತು ಆಕಾರದ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ ಕಂಡರೆ ಝೂಮ್ ಮಾಡಿ. ಎಷ್ಟು ಝೂಮ್ ಮಾಡಿದರೂ ಗೆರೆ ಅಷ್ಟೇ ಸಣ್ಣ ಇದ್ದರೆ ಅದು ಪರದೆಯ ಭ್ರಮೆ, ಪ್ರಿಂಟ್‌ನಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಝೂಮ್ ಜೊತೆ ಗೆರೆಯೂ ದಪ್ಪವಾದರೆ ನಿಜವಾಗಿಯೂ ಬಿರುಕಿದೆ. ಒಂದು ಆಕಾರವನ್ನು ಇನ್ನೊಂದರ ಕೆಳಗೆ ಚೂರು ಚಾಚಿ.

ಲಕ್ಷಣ: ಪರದೆಯ ಮೇಲೆ ಇದೆ, ಪ್ರಿಂಟ್‌ನಲ್ಲಿ ಮಾಯ

ಇದರಲ್ಲಿ ನಾನೇ ಮಾನ ಕಳೆದುಕೊಂಡಿದ್ದೇನೆ. ಎರಡು ಹಸಿರು ಎಲೆಗಳು, ನಡುವೆ ಬಿಳಿ ಹಕ್ಕಿ, ಅದು ಲೋಗೋ. ಪಿಡಿಎಫ್ ಕಳಿಸಿದೆ. ಪ್ರೆಸ್‌ನಿಂದ ಸ್ಯಾಂಪಲ್ ಹಾಳೆಯ ಫೋಟೋ ಬಂತು. ಹಕ್ಕಿ ಇಲ್ಲ, ಹಸಿರು ಮುದ್ದೆ ಮಾತ್ರ. ಫೋನ್ ಮಾಡಿ ಜೋರು ದನಿಯಲ್ಲೇ ಮಾತಾಡಿದೆ. ಆ ಕಡೆಯಿದ್ದ ಹಿರಿಯರು ತಣ್ಣಗೆ ಹೇಳಿದರು: "ಸರ್, ಒಂದ್ಸಲ ಓವರ್‌ಪ್ರಿಂಟ್ ಪ್ರಿವ್ಯೂ ಆನ್ ಮಾಡಿ ನೋಡಿ." ಆನ್ ಮಾಡಿದೆ. ನನ್ನ ಕಣ್ಣೆದುರೇ ಹಕ್ಕಿ ಹಾರಿಹೋಯಿತು.

ಆಗಿದ್ದು ಇಷ್ಟು. ಆ ಹಕ್ಕಿ ಮೊದಲು ಕಪ್ಪಾಗಿತ್ತು. ಕಪ್ಪನ್ನು ಕೆಳಗಿನ ಬಣ್ಣದ ಮೇಲೇ ಅಚ್ಚು ಹಾಕು ಎಂಬ ಓವರ್‌ಪ್ರಿಂಟ್ ಸೂಚನೆ ಅದಕ್ಕಿತ್ತು. ನಾನು ಬಣ್ಣವನ್ನು ಮಾತ್ರ ಬಿಳಿ ಮಾಡಿದೆ, ಸೂಚನೆ ಹಾಗೇ ಉಳಿಯಿತು. ಅಚ್ಚಿನಲ್ಲಿ ಬಿಳಿ ಎಂದರೆ ಶಾಯಿ ಇಲ್ಲ ಎಂದರ್ಥ. ಹಸಿರಿನ ಮೇಲೆ ಏನನ್ನೂ ಅಚ್ಚು ಹಾಕದಿದ್ದರೆ ಉಳಿಯುವುದು ಹಸಿರೇ ಅಲ್ವಾ.

ಹಾಗಾಗಿ ಪ್ರೆಸ್‌ಗೆ ಕಳಿಸುವ ಮುಂಚೆ ಓವರ್‌ಪ್ರಿಂಟ್ ಪ್ರಿವ್ಯೂ ನೋಡಿ. ಬಿಳಿ ಆಕಾರಗಳನ್ನು ಆರಿಸಿ, ಆಟ್ರಿಬ್ಯೂಟ್ಸ್ ಫಲಕದಲ್ಲಿ ಓವರ್‌ಪ್ರಿಂಟ್ ಟಿಕ್ ತೆಗೆಯಿರಿ. ಬಿಳಿಯನ್ನು ನಿಜವಾದ ತೂತಾಗಿ ಕೊರೆದಿದ್ದರೆ ಈ ಗಂಡಾಂತರವೇ ಇಲ್ಲ. ಅಚ್ಚಿನ ಪ್ಲೇಟ್ ಮಾಡಿ ಆಗಿದೆ ಎಂದು ಪ್ರೆಸ್‌ನವರು ಹೇಳಿದರೆ ಹೊಸ ಫೈಲ್ ಕಳಿಸಿ ಸುಮ್ಮನಾಗಬೇಡಿ. ಫೋನ್ ಮಾಡಿ ಕೆಲಸ ನಿಲ್ಲಿಸಲು ಹೇಳಿ.

ಲಕ್ಷಣ: ಚಿಕ್ಕ ಅಳತೆಯಲ್ಲಿ ಬಿಳಿ ಜಾಗ ಮುಚ್ಚಿಹೋಗುತ್ತದೆ

ಮುಚ್ಚಿದ್ದು ಹೇಗೆ ಎಂಬುದನ್ನು ಹತ್ತಿರದಿಂದ ನೋಡಿ. ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಫೋನ್ ಕ್ಯಾಮೆರಾ ಸಾಕು.

ಎಲ್ಲ ಕಡೆಯಿಂದ ಸಮನಾಗಿ ಕಿರಿದಾಗಿದ್ದರೆ ಶಾಯಿ ಹರಡಿದೆ. ನುಣುಪಲ್ಲದ ಕಾಗದ ಶಾಯಿಯನ್ನು ಹೀರಿ ಅಗಲ ಮಾಡುತ್ತದೆ. ಒಂದೇ ಕಡೆ ಬಣ್ಣದ ಅಂಚು ಇಣುಕುತ್ತಿದ್ದರೆ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ. ಅದು ಯಂತ್ರದ ದೋಷ, ಪ್ರೆಸ್‌ನವರು ಸರಿಪಡಿಸಬೇಕು. ಆದರೂ ನಾಲ್ಕು ಶಾಯಿ ಸೇರಿದ ಗಾಢ ಬಣ್ಣದಲ್ಲಿ ಎಳೆಯಂಥ ಬಿಳಿ ಗೆರೆ ಕೊರೆದವರು ನಾವೇ ಎಂಬುದು ನೆನಪಿರಲಿ. ಕಪ್ಪು ಗೆರೆಗೆ ಸಾಮಾನ್ಯವಾಗಿ 0.25 ಪಾಯಿಂಟ್ ಸಾಕೆಂದರೆ, ಕೊರೆದ ಬಿಳಿ ಗೆರೆಗೆ ಕನಿಷ್ಠ 0.5 ಪಾಯಿಂಟ್ ಬೇಕು. ನಾನು ಇನ್ನೂ ಜಾಸ್ತಿ ಬಿಡುತ್ತೇನೆ.

ಪರದೆಯಲ್ಲಿ ಶಾಯಿ ಇಲ್ಲ, ಲೆಕ್ಕ ಇದೆ. 512 ಪಿಕ್ಸೆಲ್‌ನಲ್ಲಿ ಬರೆದ ಲೋಗೋದಲ್ಲಿ 20 ಪಿಕ್ಸೆಲ್ ಅಂತರ ಬಿಟ್ಟಿದ್ದೀರಿ ಅನ್ನಿ. ಬ್ರೌಸರ್ ಟ್ಯಾಬ್‌ನ 16 ಪಿಕ್ಸೆಲ್‌ಗೆ ಇಳಿದಾಗ ಅದು 0.6 ಪಿಕ್ಸೆಲ್ ಆಗುತ್ತದೆ. ಅರೆ ಪಿಕ್ಸೆಲ್ ಬಿಳಿ ಎಂಬುದಿಲ್ಲ, ಬೂದು ಮಾತ್ರ ಸಿಗುತ್ತದೆ. ಒಂದು ಪೂರ್ತಿ ಪಿಕ್ಸೆಲ್ ಬೇಕಾದರೆ ಮೂಲದಲ್ಲಿ 32 ಇರಬೇಕು.

ಪರಿಹಾರ ಏನು? ಮೂಲ ಲೋಗೋ ಕೆಡಿಸಬೇಡಿ. ಚಿಕ್ಕ ಅಳತೆಗೆ ಬೇರೆಯೇ ಒಂದು ರೂಪ ಬರೆಯಿರಿ. ಅಂತರಗಳನ್ನು ಹಿಗ್ಗಿಸಿ, ಅಡಿಬರಹ ಕಿತ್ತುಹಾಕಿ, ಬೇಕಿದ್ದರೆ ಚಿಹ್ನೆ ಮಾತ್ರ ಉಳಿಸಿ. ಅಚ್ಚಿನ ಲೋಕದಲ್ಲಿ ಇದು ಹಳೆಯ ಬುದ್ಧಿವಂತಿಕೆ. 1970ರ ದಶಕದಲ್ಲಿ ಮ್ಯಾಥ್ಯೂ ಕಾರ್ಟರ್ ಅಮೆರಿಕದ ಟೆಲಿಫೋನ್ ಡೈರೆಕ್ಟರಿಗೆಂದು ಬೆಲ್ ಸೆಂಟೆನಿಯಲ್ ಅಕ್ಷರ ರೂಪಿಸಿದಾಗ, ಗೆರೆಗಳು ಕೂಡುವ ಮೂಲೆಗಳಲ್ಲಿ ಕಚ್ಚುಗಳನ್ನು ಬಿಟ್ಟರು. ಅಗ್ಗದ ಕಾಗದದ ಮೇಲೆ ಶಾಯಿ ಹರಡಿ ಆ ಕಚ್ಚುಗಳನ್ನು ತುಂಬುತ್ತಿತ್ತು, ಅಕ್ಷರ ಸ್ವಚ್ಛವಾಗಿ ಕಾಣುತ್ತಿತ್ತು. ದೊಡ್ಡದು ಮಾಡಿ ನೋಡಿದರೆ ಇಲಿ ಕಡಿದ ಹಾಗಿರುತ್ತದೆ.

ಕಸೂತಿಗೆ ಹೋಗುವುದಾದರೆ ದಾರದ ದಪ್ಪವನ್ನೂ ಎಣಿಸಿ. 1 ಮಿ.ಮೀ.ಗಿಂತ ಕಿರಿದಾದ ಸಂದು ಉಳಿಯುವ ಆಸೆ ಬೇಡ. ಲೇಸರ್‌ನಲ್ಲಿ ತಗಡು ಕತ್ತರಿಸಿ ತೂತಿನ ಅಚ್ಚು (ಸ್ಟೆನ್ಸಿಲ್) ಮಾಡುವುದಾದರೆ ಇನ್ನೊಂದು ತಮಾಷೆ: 'ಠ' ಅಕ್ಷರದ ಹೊಟ್ಟೆಯೊಳಗಿನ ತಗಡು ಪೂರಾ ಉದುರಿ ಕೆಳಗೆ ಬೀಳುತ್ತದೆ, ಅದನ್ನು ಹಿಡಿದಿಡಲು ಏನೂ ಇಲ್ಲವಲ್ಲ. ಅಲ್ಲಲ್ಲಿ ಸಣ್ಣ ಸೇತುವೆ ಬಿಡಬೇಕು. ಎಲ್ಲಿ, ಎಷ್ಟು ದಪ್ಪ ಎಂಬುದನ್ನು ಕತ್ತರಿಸುವವರನ್ನೇ ಕೇಳಿ.

ಲಕ್ಷಣ: ಕಪ್ಪು ಹಿನ್ನೆಲೆಯಲ್ಲಿ ಲೋಗೋ ದಪ್ಪಗೆ, ಊದಿಕೊಂಡ ಹಾಗೆ

ಫೈಲ್ ಸರಿಯಿದೆ, ಕಣ್ಣೂ ಸರಿಯಿದೆ. ಕಪ್ಪಿನ ಮೇಲಿನ ಬಿಳಿ ಆಕಾರ ಅಷ್ಟೇ ಅಳತೆಯ ಕಪ್ಪು ಆಕಾರಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಇದನ್ನು ವಿವರಿಸಿದ್ದಾರೆ. ಬಣ್ಣ ಉಲ್ಟಾ ಮಾಡಿ ಬಿಟ್ಟರೆ ಸಾಲದು. ಕಪ್ಪು ಹಿನ್ನೆಲೆಯ ರೂಪದಲ್ಲಿ ಗೆರೆಗಳನ್ನು ಚೂರು ಸಣ್ಣ ಮಾಡಿ, ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೇ ದಪ್ಪ ಕಾಣುವವರೆಗೆ ಹೊಂದಿಸಿ. ಆದರೆ ಇದು ಪರದೆಯ ಮಾತು. ಅಚ್ಚಿನಲ್ಲಿ ಸುತ್ತಲಿನ ಶಾಯಿಯೇ ಹರಡಿ ಬಿಳಿಯನ್ನು ಸಣ್ಣ ಮಾಡುವುದರಿಂದ ಅಲ್ಲಿ ಮತ್ತೆ ಕಿರಿದು ಮಾಡಿದರೆ ಕೆಡುತ್ತದೆ.

ಒಳಗೆ ದೀಪ ಇರುವ ಬೋರ್ಡ್‌ನಲ್ಲಿ ಬೆಳಕು ಅಕ್ಷರದ ಸಂದುಗಳನ್ನೇ ನುಂಗುತ್ತದೆ. ರಾತ್ರಿ ದೂರದಿಂದ ಫೋಟೋ ತೆಗೆದು ನೋಡಿ. ಏಣಿ ಹತ್ತಿ ಪೆಟ್ಟಿಗೆ ಬಿಚ್ಚಲು ಹೋಗಬೇಡಿ, ಒಳಗೆ ಕರೆಂಟ್ ಇರುತ್ತದೆ. ಬೋರ್ಡ್ ಮಾಡಿದವರನ್ನೇ ಕರೆಸಿ.

ಲಕ್ಷಣ: ನಡುವಿಗೇ ಇಟ್ಟಿದ್ದರೂ ವಾಲಿದ ಹಾಗೆ, ಅಕ್ಷರಗಳು ಬಿಡಿಬಿಡಿ

ತಂತ್ರಾಂಶದ 'ಅಲೈನ್ ಸೆಂಟರ್' ಚೌಕಟ್ಟಿನ ನಡು ಹುಡುಕುತ್ತದೆ. ಕಣ್ಣು ಭಾರದ ನಡು ಹುಡುಕುತ್ತದೆ. ವೃತ್ತದೊಳಗಿನ ಪ್ಲೇ ಬಟನ್ ತ್ರಿಕೋನ ನೋಡಿ, ಚೌಕಟ್ಟಿನ ಲೆಕ್ಕದಲ್ಲಿ ನಡುವಿಗಿಟ್ಟರೆ ಎಡಕ್ಕೆ ಸರಿದ ಹಾಗೆ ಕಾಣುತ್ತದೆ. ಅದರ ಅಗಲದ ಆರನೇ ಒಂದು ಭಾಗದವರೆಗೆ ಬಲಕ್ಕೆ ತಳ್ಳಿದರೆ ನೆಟ್ಟಗೆ ಕೂರುತ್ತದೆ. ಲೋಗೋವನ್ನು ತಲೆಕೆಳಗು ಮಾಡಿ ನೋಡುವುದು ಒಳ್ಳೆಯ ಪರೀಕ್ಷೆ. ಓದುವ ಅಭ್ಯಾಸ ತಪ್ಪಿ ಬರೀ ಆಕಾರ ಕಾಣುತ್ತದೆ.

ಅಕ್ಷರಗಳ ನಡುವಿನ ಸಂದಿಗೂ ಇದೇ ಉಪಾಯ. ಕನ್ನಡದಲ್ಲಿ ಗಮನಿಸಬೇಕಾದ್ದು ದೀರ್ಘದ ಗುರುತು. 'ಕೀ', 'ದೇ' ಇಂಥವುಗಳಲ್ಲಿ ಅದು ಬೇರೆ ಅಕ್ಷರದ ಹಾಗೆ ಪಕ್ಕದಲ್ಲಿ ನಿಂತು ಹೆಸರನ್ನೇ ಎರಡು ತುಂಡು ಮಾಡುತ್ತದೆ. ಅದನ್ನು ಅದರ ಅಕ್ಷರದ ಹತ್ತಿರಕ್ಕೆ ಎಳೆಯಿರಿ, ಮುಂದಿನ ಅಕ್ಷರದಿಂದ ದೂರ ಇಡಿ. ಒತ್ತಕ್ಷರಗಳೇ ಒಡೆದು ಬಿಡಿಬಿಡಿ ಕಂಡರೆ ಅದು ಅಂತರದ ದೋಷವಲ್ಲ. ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬರುತ್ತಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಅಕ್ಷರ ಜೋಡಣೆಯ ಆಯ್ಕೆ ಬದಲಿಸಿ.

ಲಕ್ಷಣ: ಅಡಗಿಸಿಟ್ಟ ಆಕಾರ ಯಾರಿಗೂ ಕಾಣುತ್ತಿಲ್ಲ

ಎಲ್ಲಕ್ಕಿಂತ ಕಷ್ಟದ ದೋಷ ಇದು. ಡೆನ್ಮಾರ್ಕಿನ ಮನಃಶಾಸ್ತ್ರಜ್ಞ ಎಡ್ಗರ್ ರೂಬಿನ್ 1915ರಲ್ಲಿ ಪ್ರಕಟಿಸಿದ ಹೂದಾನಿಯ ಚಿತ್ರ ಎಲ್ಲೋ ನೋಡಿರುತ್ತೀರಿ. ಒಮ್ಮೆ ಹೂದಾನಿ, ಒಮ್ಮೆ ಎದುರುಬದುರು ಎರಡು ಮುಖ. ನಡುವಿನ ಗೆರೆಯನ್ನು ಕಣ್ಣು ಒಂದು ಸಲಕ್ಕೆ ಒಬ್ಬರಿಗೇ ಕೊಡುತ್ತದೆ. ನೀವು ಅಡಗಿಸಿದ ಆಕಾರ ಕಾಣಬೇಕಾದರೆ ಆ ಜಗಳದಲ್ಲಿ ಅದಕ್ಕೂ ಒಮ್ಮೆಯಾದರೂ ಗೆಲ್ಲುವ ಶಕ್ತಿ ಇರಬೇಕು.

ಮೊದಲ ಪರೀಕ್ಷೆ: ಆ ಖಾಲಿ ಜಾಗವನ್ನು ಮಾತ್ರ ಬೇರೆ ಹಾಳೆಗೆ ಎಳೆದು ಕಪ್ಪು ತುಂಬಿ. ಉಳಿದಿದ್ದೆಲ್ಲ ತೆಗೆದುಬಿಡಿ. ಒಂಟಿಯಾಗಿ ನಿಂತಾಗಲೂ ಅದು ಹಕ್ಕಿ ಅನ್ನಿಸದಿದ್ದರೆ ಎಲೆಗಳ ನಡುವೆ ಖಂಡಿತ ಅನ್ನಿಸುವುದಿಲ್ಲ. ಅದನ್ನು ಮೊದಲು ಒಳ್ಳೆಯ ಹಕ್ಕಿ ಮಾಡಿ.

ಒಂಟಿಯಾಗಿ ಚೆನ್ನಾಗಿದ್ದರೆ ಬೇಲಿ ನೋಡಿ. ಆಕಾರದ ಸುತ್ತ ಎಷ್ಟು ಕಡೆ ಗಡಿ ಇದೆ, ಎಷ್ಟು ಕಡೆ ಬಯಲು? ಬಯಲು ಜಾಸ್ತಿಯಾದರೆ ಆಕಾರ ಸೋರಿಹೋಗುತ್ತದೆ. ಎರಡು ಬದಿಯ ಗಡಿ ಎರಡು ಬೇರೆ ರೀತಿಯದ್ದಾದರೂ ಕಷ್ಟವೇ. 2017ರವರೆಗೆ ಬಳಕೆಯಲ್ಲಿದ್ದ ಫಾರ್ಮುಲಾ ಒನ್ ಕಾರ್ ರೇಸ್‌ನ ಲೋಗೋದಲ್ಲಿ ಕಪ್ಪು 'F' ಅಕ್ಷರಕ್ಕೂ ಕೆಂಪು ಗೆರೆಗಳಿಗೂ ನಡುವೆ ಬಿಳಿ '1' ಅಂಕಿ ಅಡಗಿತ್ತು. ಬಹಳ ಜನ ಕೆಂಪು ಗೆರೆಗಳನ್ನೇ '1' ಎಂದು ಓದಿಕೊಂಡಿದ್ದರು.

ಕೊನೆಗೆ, ಅದು ಕಾಣಲೇಬೇಕಾ? ಕೊರಿಯರ್ ಕಂಪನಿ ಫೆಡ್‌ಎಕ್ಸ್‌ನ 1994ರ ಲೋಗೋದಲ್ಲಿ ಕೊನೆಯ ಎರಡು ಅಕ್ಷರಗಳ ನಡುವೆ ಬಾಣ ಇದೆ. ಡಿಸೈನರ್ ಲಿಂಡನ್ ಲೀಡರ್ ಅದನ್ನು ಅಕ್ಷರಗಳ ಆಕಾರ ತಿದ್ದಿಯೇ ಹೊರಡಿಸಿದರು. ಬಾಣ ಕಾಣದವರಿಗೂ ಹೆಸರು ಸಲೀಸಾಗಿ ಓದಲು ಬರುತ್ತದೆ, ಏನೂ ನಷ್ಟವಿಲ್ಲ. ನಿಮ್ಮದೂ ಹಾಗಿದ್ದರೆ ಬಿಟ್ಟುಬಿಡಿ. ಆಕಾರ ಕಾಣದೆ ಲೋಗೋಗೆ ಅರ್ಥವೇ ಇಲ್ಲ ಎಂದಾದರೆ ಮಾತ್ರ ಕೈ ಹಾಕಿ.

ಬೇಡದ ಆಕಾರ ಕಾಣುತ್ತಿದೆ ಎಂಬ ದೂರು ಇದಕ್ಕಿಂತ ಗಂಭೀರ. ಲೋಗೋ ಗೊತ್ತಿಲ್ಲದ ನಾಲ್ಕೈದು ಜನರಿಗೆ ಐದು ಸೆಕೆಂಡ್ ತೋರಿಸಿ ಮುಚ್ಚಿಬಿಡಿ, "ಏನು ಕಂಡಿತು?" ಎಂದಷ್ಟೇ ಕೇಳಿ. ಒಬ್ಬರು ಮುಖ ಕೆಂಪು ಮಾಡಿಕೊಂಡು ನಕ್ಕರೂ ಸಾಕು, ಆ ಲೋಗೋ ಹೊರಗೆ ಬಿಡಬೇಡಿ.

ಎಲ್ಲಿ ಕೈ ತೆಗೆಯಬೇಕು

ಲೋಗೋ ಟ್ರೇಡ್‌ಮಾರ್ಕ್ ಆಗಿ ನೋಂದಣಿಯಾಗಿದ್ದರೆ ಆಕಾರ ತಿದ್ದುವ ಮೊದಲು ವಕೀಲರನ್ನು ಕೇಳಿ. ನೋಂದಣಿ ಸಿಕ್ಕಿರುವುದು ಆ ರೂಪಕ್ಕೆ. ಬೇರೆಯವರ ಲೋಗೋದ ಅಡಗಿದ ಆಕಾರಕ್ಕೆ ನಿಮ್ಮದು ಹತ್ತಿರ ಬಂತು ಅನ್ನಿಸಿದರೂ ಅಷ್ಟೇ. ಎಷ್ಟು ಹಿಗ್ಗಿಸಿದರೂ ಕೆಡದ ವೆಕ್ಟರ್ ಮೂಲವೇ ಕಳೆದುಹೋಗಿ ಮಸುಕು ಜೆಪೆಗ್ ಮಾತ್ರ ಇದ್ದರೆ, ಚಿತ್ರ ನೋಡಿ ತಾನೇ ಗೆರೆ ಎಳೆಯುವ ಆಟೋ ಟ್ರೇಸ್ ನಂಬಬೇಡಿ. ಅದು ಕಪ್ಪು ಭಾಗವನ್ನು ಹೇಗೋ ಹಿಡಿಯುತ್ತದೆ, ಸಂದುಗಳನ್ನು ಕೆಡಿಸುತ್ತದೆ. ಅಕ್ಷರ ಬಲ್ಲವರಿಂದ ಕೈಯಲ್ಲೇ ಬರೆಸಿ.

ತಿದ್ದಿ ಮುಗಿದ ಮೇಲೆ ಹೊಸ ಫೈಲ್‌ಗೆ ಹೊಸ ಹೆಸರು ಕೊಡಿ, ಹಳೆಯದನ್ನು ಎಲ್ಲರ ಕಂಪ್ಯೂಟರಿನಿಂದಲೂ ತೆಗೆಸಿ. ಆ ಹಳೆಯ ಬಿಳಿ ಡಬ್ಬದ ಜೆಪೆಗ್ ಯಾರದ್ದಾದರೂ ವಾಟ್ಸಾಪ್‌ನಲ್ಲಿ ಕೂತಿದ್ದೇ ಇರುತ್ತದೆ, ಮುಂದಿನ ಬ್ಯಾನರ್‌ಗೆ ಬರುವುದೂ ಅದೇ.